ಎರಡು ಕೇರಿಗೆ ಒಂದು ಜೊತೆ ಹಿಮಸರಪಳಿ

ಪರ್ವತ ರಸ್ತೆ ಸುರಕ್ಷತಾ ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ತಮ್ಮ ಕಚೇರಿಯ ಒಲೆ ಆರದಿರಲಿ, ತಮ್ಮ ಕಾಫಿ ತಣ್ಣಗಾಗದಿರಲಿ, ತಮ್ಮ ಕಿಟಕಿಯಾಚೆ ಬೀಳುವ ಹಿಮ ಸದಾ ಚಿತ್ರದಂತೆ ಕಾಣುತ್ತಿರಲಿ ಎಂದು ಜುರ್‌ಜುರಾ ಬೆಟ್ಟದ ಅಗೂನಿ ಊರಿನ ಎರಡೂ ಕೇರಿಗಳು, ಬಹುಕಾಲದ ನಂತರ ಒಮ್ಮತದಿಂದ, ಹಾರೈಸುತ್ತವೆ.

ಹಿಮದಲ್ಲಿ ಜಾರದಂತೆ ಎರಡು ಚಕ್ರಕ್ಕೆ ಸರಪಳಿ ಕಟ್ಟದ ಗಾಡಿ ಘಟ್ಟದ ಗೇಟು ದಾಟಕೂಡದೆಂಬ ತಮ್ಮ ಆದೇಶವೂ, ಅದರೊಂದಿಗೆ ಇಡೀ ಊರಿಗೆಂದು ಕಳಿಸಿದ ಒಂದೇ ಒಂದು ಜೊತೆ ಸರಪಳಿಯೂ ಕೈಸೇರಿದವು. ಬೀದಿಯಲ್ಲಿ ಸರಪಳಿ ಹರಿಯಿರೆಂದು ಕೂಗಿ ಲಾಠಿ ತಿಂದವರನ್ನೇ ಸರಪಳಿ ಕೊಡಿರೆಂದು ಅರ್ಜಿ ಬರೆಯಲು ಕೂರಿಸಿದ ತಮ್ಮ ಪ್ರತಿಭೆ ಸಾಮಾನ್ಯವಲ್ಲ. ಆಗ ಎರಡೂ ಕೇರಿಯ ಮನೆಗಳಲ್ಲಿ ಸೇರಿ ಇಪ್ಪತ್ತು ಮೂಟೆ ಆಲಿವ್ ಬಿದ್ದಿದ್ದವು. ಎಣ್ಣೆಯ ಗಾಣವಿರುವುದು ಘಟ್ಟದ ಆಚೆ. ಹತ್ತು ದಿನ ಮೂಟೆಯಲ್ಲೇ ಉಳಿದರೆ ಕಾಯಿ ಬಿಸಿಯಾಗಿ ಬೂಷ್ಟು ಹಿಡಿಯುತ್ತದೆ; ಆಮೇಲೆ ವರ್ಷವಿಡೀ ಒಣರೊಟ್ಟಿ.

ತಮ್ಮ ಕರಪತ್ರ ಸರಪಳಿಗೆ ಬದಲಿಗಳನ್ನೂ ಸೂಚಿಸಿತ್ತು. ಚಳಿಗಾಲದ ಟೈರು: ಅದನ್ನು ಮಾರುವ ಅಂಗಡಿಗೆ ಹೋಗಲು ಮೊದಲು ಘಟ್ಟ ದಾಟಬೇಕು. ಇನ್ನೊಂದು, ಚಕ್ರಕ್ಕೆ ತೊಡಿಸುವ ಬಟ್ಟೆಯ ಕಾಲುಚೀಲ. ಇದನ್ನು ಊರಸಭೆಯಲ್ಲಿ ಓದಿದಾಗ, ಗಂಡಸರ ಸಭೆಗೆ ಬಾಗಿಲಾಚೆಯಿಂದಲೇ ಅಧ್ಯಕ್ಷತೆ ವಹಿಸುವ ನಮ್ಮ ಹಿರಿಯಕ್ಕ ನ್ನಾ ವರ್ದಿಯಾ, "ನಲವತ್ತು ವರ್ಷ ನಮ್ಮನೆಯವ್ರಿಗೆ ಹೆಣೆದೂ ಹೆಣೆದೂ ಬೆರಳು ಸವೆದಿದೆ, ಇನ್ನು ಮೊಕ್ರಾನನ ವ್ಯಾನಿಗೂ ಹೆಣೀಬೇಕೇನ್ರೋ?" ಎಂದು ಕೇಳಿದರು. ಹೀಗೆ ಸರಪಳಿಯೇ ಆಯ್ಕೆಯಾಯಿತು.

ಊರಿಗೆಂದು ಬಂದದ್ದನ್ನು, ಹಬ್ಬದ ಎತ್ತಿನ ಮಾಂಸವಾದರೂ ಸರಿ, ಚೀಟಿ ಎತ್ತಿ ಸಮಪಾಲು ಮಾಡುವುದು ನಮ್ಮ ಕಟ್ಟಳೆ. ಸಭೆಯ ಹಿರಿಯಣ್ಣರಾದ ದ್ದಾ ಬೆಲಾಯಿದ್ ತಾವು ಕಳಿಸಿದ ಜೊತೆಯನ್ನೂ ಹಾಗೆಯೇ ಪಾಲು ಮಾಡಿದರು: ಮೇಲಿನ ಕೇರಿಗೆ ಒಂದು ಸರಪಳಿ, ಕೆಳಗಿನ ಕೇರಿಗೆ ಒಂದು.

"ದ್ದಾ, ನೀನು ಒಂದೇ ಕಾಲಿಗೆ ಬೂಟು ಹಾಕ್ಕೊಂಡು ನಡೀತೀಯಾ?" ಎಂದ ವ್ಯಾನಿನ ಒಡೆಯ, ನಮ್ಮ ಕೇರಿಯ ಮೊಕ್ರಾನ್.

"ಬಾಯ್ಮುಚ್ಚೋ, ಇನ್ನೊಂದು ಕಾಲು ಅವರ ಕೇರೀದು" ಎಂದರು ಹಿರಿಯರು.

ಹತ್ತು ಮನೆಗೆ ಒಂದು ರೊಟ್ಟಿ ಎಸೆದು, ಹಂಚಿಕೊಳ್ಳಲು ಬಾರದ ಜನ ಎಂದು ನಗುವವರಿಗೆ ಇದು ತಮಾಷೆ ಇರಬಹುದು. ನಮಗೆ ಇದು ನ್ಯಾಯ.

ಮೂಟೆ ಕಟ್ಟಿದ ಎಂಟನೆಯ ದಿನ ಒಂಟಿ ಸರಪಳಿಯ ವ್ಯಾನು ನಮ್ಮ ಕೇರಿಯ ಹತ್ತು ಮೂಟೆ ಹೊತ್ತು ಹೊರಟಿತು. ಸರಪಳಿಯ ಚಕ್ರ ನೆಲ ಕಚ್ಚಿತು, ಬರಿಗಾಲ ಚಕ್ರ ಇದ್ದಲ್ಲೇ ಬುರ್ರೆಂದು ತಿರುಗಿತು, ವ್ಯಾನು ಅಡ್ಡ ಜಾರಿ ಊರಿಗೇ ಮುಖ ಮಾಡಿ ನಿಂತಿತು. ಆಗ ಹೆಂಗಸರು ಅಟ್ಟದಿಂದ ಹಳೇ ಗಾಣದಲ್ಲಿ ಆಲಿವ್ ಹಿಂಡಲು ಬಳಸುತ್ತಿದ್ದ ನಾರಿನ ಚಾಪೆಗಳನ್ನು ತಂದು, ಚಕ್ರದ ಮುಂದೆ ಹಾಸಿ, ದಾಟಿದ ಮೇಲೆ ಎತ್ತಿ, ಮತ್ತೆ ಮುಂದೆ ಹಾಸಿ, ಮೊಳಮೊಳವಾಗಿ ಗೇಟು ಮುಟ್ಟಿಸಿದರು. ಕರಪತ್ರದ ಮುಂದಿನ ಮುದ್ರಣದಲ್ಲಿ ಈ ಬದಲಿಯನ್ನೂ ಸೇರಿಸಬೇಕಾಗಿ ವಿನಂತಿ. ಚಿತ್ರಕ್ಕೆ ವರ್ದಿಯಾ ಅವರೇ ನಿಲ್ಲುತ್ತಾರೆ, ನಗುವುದಿಲ್ಲ ಅಷ್ಟೇ.

ಗೇಟಿನಲ್ಲಿದ್ದ ಪೊಲೀಸಪ್ಪ ಮರಳುಗಾಡಿನ ಕಡೆಯವರು, ಹಿಮ ಎಂಬುದನ್ನು ಮೊದಲು ಕಂಡದ್ದೇ ತಮ್ಮ ಆದೇಶದಲ್ಲಿ. ಹಲ್ಲು ಕಟಕಟಿಸುತ್ತಾ, "ತಾಯೀ, ಎರಡು ಸರಪಳಿ ಬೇಕು" ಎಂದರು.

"ಎರಡೂ ಇವೆಯಪ್ಪಾ. ಒಂದು ಕೆಳಗಿನ ಕೇರೀಲಿದೆ" ಎಂದರು ವರ್ದಿಯಾ.

"ಅದನ್ನೂ ಇದಕ್ಕೇ ಹಾಕಿ, ಅವರ ಮೂಟೇನೂ ಇದರಲ್ಲೇ ಒಯ್ಯಬಾರದಾ?"

ಮಾನ್ಯರೇ, ಈ ಮನುಷ್ಯನಿಗೆ ತಮ್ಮ ಕುರ್ಚಿ ಬಿಟ್ಟುಕೊಡಬೇಕಾಗಿ ಸವಿನಯ ಪ್ರಾರ್ಥನೆ. ಒಂಬತ್ತನೆಯ ದಿನ ಕೆಳಗಿನ ಕೇರಿಯವರು ಸರಪಳಿಯನ್ನೂ ಮೂಟೆಗಳನ್ನೂ ಬೆನ್ನ ಮೇಲೆ ಹೊತ್ತು ಗೇಟಿಗೆ ತಂದರು. ನಮ್ಮ ಮೂಟೆಗಳನ್ನೂ ಇಳಿಸಿ, ಒಂದು ಅವರದು, ಒಂದು ನಮ್ಮದು ಎಂದು ದ್ದಾ ಬೆಲಾಯಿದ್ ನಿಂತು ಮತ್ತೆ ಏರಿಸಿದರು. ವ್ಯಾನು ಘಟ್ಟ ದಾಟಿತು. ಎಣ್ಣೆ ಬಂತು, ಹಸಿರಾಗಿದೆ, ಗಂಟಲಲ್ಲಿ ಖಾರವಾಗಿ ಇಳಿಯುತ್ತದೆ.

ನಮ್ಮ ಬೇಡಿಕೆ ದೊಡ್ಡದಲ್ಲ. ಇನ್ನೊಂದು ಜೊತೆ ಸರಪಳಿ, ಘಟ್ಟಕ್ಕೆ ಉಪ್ಪು, ಮರಳು. ಆಗದಿದ್ದರೆ ಮೂಲ ತಪ್ಪಿತಸ್ಥನಾದ ಹಿಮಕ್ಕೇ ಮೊಹರು ಒತ್ತಿ ಆದೇಶ ಹೊರಡಿಸಿ: ಗಾಣ ನಡೆಯುವ ತಿಂಗಳುಗಳಲ್ಲಿ ಅದು ತಮ್ಮ ಬಂಗಲೆಯ ಅಂಗಳದಲ್ಲಿ ಮಾತ್ರ ಬೀಳತಕ್ಕದ್ದು. ಅದೂ ಆಗದಿದ್ದರೆ ತಾವೇ ದಯಮಾಡಿಸಿ. ಚಾಪೆ ಹಾಸಲು ಎರಡು ಕೈ ಕಡಿಮೆ ಬಿದ್ದಿವೆ.

ಗೇಟಿನ ಈಚೆ ನಿಂತಿರುವ ತಮ್ಮ ವಿಶ್ವಾಸಿ,
ಮಲ್ಹಾ, ಮೇಲಿನ ಕೇರಿ, ಅಗೂನಿ

ಮರೆತ ಮಾತು: ಹೊಸ ಎಣ್ಣೆಯ ಒಂದು ಸೀಸೆ ಈ ಪತ್ರದೊಂದಿಗಿದೆ. ತಿನ್ನಲಿಕ್ಕಲ್ಲ, ನಾವು ಬಂದಾಗಲೆಲ್ಲ ತೆರೆಯದೆ ಕಚ್ಚಿಕೊಂಡಿರುವ ತಮ್ಮ ಕಚೇರಿ ಬಾಗಿಲಿನ ಕೀಲುಗಳಿಗೆ. ಗುರುವಾರದೊಳಗೆ ಸವರಿಸಿಡಿ. ಅಂದು ಎರಡೂ ಕೇರಿಯವರು ಬರುತ್ತಿದ್ದೇವೆ.