ಗಾಜಿನ ಮೇಲಿನ ತೊಟ್ಟಿಲು

ನಮ್ಮ ಅತ್ತೆ ಮದುವೆಯಾಗಲಿಲ್ಲ. ಆದರೂ ಅವರಿಗೊಬ್ಬ ಮಗಳಿದ್ದಳು ಎಂದರೆ ಹುಬ್ಬೇರಿಸಬೇಡಿ. ಆಕೆ ಗಾಜಿನವಳು!

ಅತ್ತೆ ಎಂದರೆ ಅಪ್ಪನ ಅಕ್ಕ. ವಿಜ್ಞಾನ ಕಲಿಸಿ ನಿವೃತ್ತರಾಗಿ, ದೇಶಪಾಂಡೆ ನಗರದ ನಮ್ಮ ಮನೆಯಲ್ಲೇ ಇದ್ದಾರೆ. ಮಗಳು ಎಂದರೆ ಹಳೆಯ ಸಾಮಾನಿನ ಅಂಗಡಿಯಲ್ಲಿ ಅವರಿಗೆ ಸಿಕ್ಕ ಉದ್ದ ಕಾಲಿನ ಡಚ್ ಗ್ಲಾಸು. ಕೂದಲೆಳೆಯಂಥ ಗೆರೆಗಳಲ್ಲಿ ಅದರ ಮೇಲೆ ಚಿತ್ರ ಕೆತ್ತಿದ್ದರು: ಮಂಚದಲ್ಲಿ ಬಾಣಂತಿ, ಪಕ್ಕದಲ್ಲಿ ತೊಟ್ಟಿಲು. ಹಿಂದೆ ಹಾಲೆಂಡಿನಲ್ಲಿ ಕೂಸು ಹುಟ್ಟಿದರೆ ಬಂಧುಗಳು ಇಂಥ ಗ್ಲಾಸಿನಲ್ಲಿ ವೈನ್ ಕುಡಿದು ತಾಯಿ-ಮಗುವಿಗೆ ಶುಭ ಕೋರುತ್ತಿದ್ದರಂತೆ. ಸಮುದ್ರ ದಾಟಿ ಹುಬ್ಬಳ್ಳಿಗೆ ಅದು ಹೇಗೆ ಬಂತೋ, ಅಂಗಡಿಯವನಿಗೂ ಗೊತ್ತಿಲ್ಲ.

ಒಮ್ಮೆ ಗೆಳತಿಗೆ ತೋರಿಸಲೆಂದು ಅದನ್ನು ಧಾರವಾಡಕ್ಕೆ ಒಯ್ದರು. ಗರಗದ ಖಾದಿ ಪಂಚೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಅದಕ್ಕೇ ಒಂದು ಸೀಟು ಹಿಡಿದರು.

"ಈ ಸೀಟಿನ್ಯಾಗ ಯಾರ್ರಿ?" ಎಂದ ಕಂಡಕ್ಟರ್.

"ಬಾಣಂತಿರಿ," ಎಂದು ಅತ್ತೆ ಗಂಟು ತೋರಿಸಿದರು.

"ಹೆಣ್ಮಕ್ಕಳಿಗೆ ಟಿಕೀಟ ಪುಕ್ಕಟ ಐತ್ರಿ ಅಕ್ಕಾರ. ಆಧಾರ್ ಕಾರ್ಡ್ ತೋರ್ಸಾಕ ಹೇಳ್ರಿ ಆಕಿಗೆ!"

ನಾನು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಾಗ ಎಂಟನೇ ತಿಂಗಳು. ಅತ್ತೆ ಸಂಭ್ರಮದಿಂದ ಗ್ಲಾಸು ತೊಳೆದು ನನ್ನ ಮಂಚದ ಬಳಿ ಇಟ್ಟರು. ಅಜ್ಜಿ ಹೌಹಾರಿದಳು.

"ಕೂಸು ಹುಟ್ಟೂಕ್ಕಿಂತ ಮೊದಲ ಮನ್ಯಾಗ ತೊಟ್ಲಾ ಇಡ್ತಾರೇನ? ತಗೀ ಅದನ್ನ!"

"ಅವ್ವಾ, ಎರಡು ಬೆರಳಿನ ತೊಟ್ಲಾ ಇದು. ಇದರಾಗ ಇರುವಿನೂ ಮಲಗೂದಿಲ್ಲ."

"ಇರುವಿ ಹಡಿಯಾಕ ಬಂದಿಲ್ಲವಾ, ನಮ್ಮ ಮೊಮ್ಮಗಳು ಬಂದಾಳ!"

ನಾನು ನಕ್ಕೆ. ಇಬ್ಬರೂ ಒಳಗೆ ಹೋದ ಮೇಲೆ ಮಾತ್ರ ಮೆಲ್ಲಗೆ ಗ್ಲಾಸನ್ನು ತಿರುಗಿಸಿ, ತೊಟ್ಟಿಲನ್ನು ಗೋಡೆಯ ಕಡೆ ಮಾಡಿದೆ. ನನ್ನ ಸ್ನಾತಕೋತ್ತರ ಪದವಿ ಇದಕ್ಕೇನೂ ಅಡ್ಡ ಬರಲಿಲ್ಲ. ಆದರೇನು? ಗಾಜಲ್ಲವೇ! ತೊಟ್ಟಿಲು ಹಿಂದಿನಿಂದಲೂ ಅಷ್ಟೇ ಚೆನ್ನಾಗಿ ಕಂಡಿತು.

ಅದೇ ವಾರ, ದಿನ ತುಂಬುವ ಮೊದಲೇ ನೋವು ಬಂತು. ವಿದ್ಯಾನಗರದ ಆಸ್ಪತ್ರೆಯಲ್ಲಿ ಹುಟ್ಟಿದ ಮಗಳನ್ನು ನನಗೆ ಸರಿಯಾಗಿ ತೋರಿಸದೆಯೇ ಐಸಿಯುಗೆ ಒಯ್ದರು. ಅಂಗೈಯಷ್ಟಿದ್ದಳು. "ಈಗ ಏನೂ ಹೇಳಾಕ ಬರೂದಿಲ್ರಿ," ಎಂದರು ಡಾಕ್ಟರು. ಅಜ್ಜಿ ತೊಟ್ಟಿಲಿನ ಮಾತೆತ್ತಲಿಲ್ಲ; ಅತ್ತೆಯ ಮುಖವನ್ನೊಮ್ಮೆ ನೋಡಿದಳು, ಅಷ್ಟೇ. ಎಲ್ಲದಕ್ಕೂ ಕಾರಣ ವಿವರಿಸುವ ಅತ್ತೆ ತಟ್ಟನೆ ಎದ್ದು ಹೋದರು. ಮನೆಯಿಂದ ಬುತ್ತಿ ತರಲು ಹೋಗಿರಬೇಕು ಎಂದುಕೊಂಡೆವು. ಬರಿಗೈಯಲ್ಲಿ ಬಂದರು.

ಮಗಳು ಉಳಿದಳು. ಅವಳನ್ನೆತ್ತಿಕೊಂಡು ಮನೆಗೆ ಬಂದ ದಿನ ನೋಡುತ್ತೇನೆ, ಗ್ಲಾಸು ಎಲ್ಲೂ ಇಲ್ಲ!

"ಅಂಗಡ್ಯಾವ್ಗ ವಾಪಸ್ ಕೊಟ್ಟೆ," ಎಂದರು ಅತ್ತೆ. "ಡಾಕ್ಟರ್ ಏನೂ ಹೇಳಾಕ ಬರೂದಿಲ್ಲ ಅಂದ್ರಲ್ಲ, ಅವತ್ತ."

"ಅತ್ತಿ, ನೀ ಇಂಥಾದ್ದೆಲ್ಲ ನಂಬೂದಿಲ್ಲಲ್ಲ?"

"ಈಗೂ ನಂಬೂದಿಲ್ಲ." ಅವರು ಕೂಸಿನ ಕುಲಾವಿಯನ್ನು ಕಿವಿ ಮುಚ್ಚುವಂತೆ ಕೆಳಗೆಳೆದರು. "ಹಂಗಂತ, ನನ್ನ ಹಟಕ್ಕ ಈ ಕೂಸನ್ನ ಒತ್ತೆ ಇಡ್ಲೇನ?"