ತಟ್ಟೆ ತಿರುಗಿಸುವ ಶಾಸ್ತ್ರ

"ತಿರುಗ್ಸಲ್ಲ ಅಂದ್ರೆ ತಿರುಗ್ಸಲ್ಲ!"

ಕ್ರಿಸಾಂತೊ ತಿಂಡಿಯ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ಬಾಗಿಲಲ್ಲಿ ಹೆಂಡತಿ ಲುದಿವಿನಾ, ಪಕ್ಕದಲ್ಲಿ ಅವಳ ಪೆಟ್ಟಿಗೆ. ಅವರೂರು ಕಲಾಪಾನಿನ ಜನಪದ ನೃತ್ಯ ತಂಡ ಪೋಲೆಂಡಿಗೆ ಹೊರಟಿತ್ತು. ಬಂದರಿಗೆ ಒಯ್ಯುವ ಜೀಪ್ನಿ ವ್ಯಾನು ಹೊರಗೆ ಹಾರ್ನ್ ಹೊಡೆಯುತ್ತಿತ್ತು.

ಲುದಿವಿನಾ: ತಿರುಗ್ಸೋ ಮಾರಾಯ. ಉಣ್ಣೋ ಹೊತ್ತಲ್ಲಿ ಯಾರಾದ್ರೂ ಹೊರಟ್ರೆ, ಉಣ್ತಿರೋರು ತಟ್ಟೆ ತಿರುಗ್ಸಬೇಕು. ಇಲ್ದಿದ್ರೆ ದಾರೀಲಿ ಅನಾಹುತ. ನಿಮ್ಮಮ್ಮನೇ ಹೇಳ್ಕೊಟ್ಟಿದ್ದು.

ಕ್ರಿಸಾಂತೊ: ಅದಕ್ಕೇ ತಿರುಗ್ಸಲ್ಲ. ನೀನು ಹೊರಡೋದೂ ಇಲ್ಲ.

ಲುದಿವಿನಾ: ಹಾಗಾದ್ರೆ ಬೇಗ ತಿಂದು ಮುಗಿಸು.

ಅವನು ಒಂದೇ ಒಂದು ಅಗುಳು ಬಾಯಿಗಿಟ್ಟು ನಿಧಾನವಾಗಿ ಅಗಿದ.

ಕ್ರಿಸಾಂತೊ: ಹದಿನೇಳು ದಿನ! ಅನ್ನ ಮಾಡೋರು ಯಾರು?

ಲುದಿವಿನಾ: ನೀನೇ. ಅಕ್ಕಿ ಮೇಲೆ ಬೆರಳಿಡು. ಮೊದಲ ಗೆಣ್ಣಿನವರೆಗೆ ನೀರು.

ಕ್ರಿಸಾಂತೊ: ಯಾವ ಬೆರಳು?

ಲುದಿವಿನಾ: ಈಗ ನನ್ನ ಕಡೆ ತೋರಿಸ್ತಿದ್ದೀಯಲ್ಲ, ಅದೇ.

ಕ್ರಿಸಾಂತೊ: ನೀನಿಲ್ದೆ ಅವರ ಕುಣಿತ ನಿಂತ್ಹೋಗುತ್ತಾ?

ಲುದಿವಿನಾ: ತಲೆ ಮೇಲೊಂದು, ಕೈಗೊಂದೊಂದು, ಮೂರು ದೀಪ ಹೊತ್ತು ಕುಣಿಯೋಕೆ ಅಭ್ಯಾಸ ಬೇಕು. ಮೂವತ್ತು ವರ್ಷ ಒಂದು ಕೈಲಿ ಪಾತ್ರೆ, ಇನ್ನೊಂದ್ರಲ್ಲಿ ಮಗು, ತಲೆ ಮೇಲೆ ನಿನ್ನ ಮಾತು. ಒಂದು ತೊಟ್ಟೂ ಚೆಲ್ಲಿಲ್ಲ!

ಕ್ರಿಸಾಂತೊ: ಕುಣಿಯೋರ ಕಾಲಡಿ ಜೋಡಿ ಬಿದಿರು ಬಡಿಯೋಕೆ ಕರೆದಿದ್ರೆ ನಾನೂ ಬರ್ತಿದ್ದೆ.

ಲುದಿವಿನಾ: ಕರೆದಿದ್ರಲ್ಲ! ಕೂತು ಮಾಡೋ ಕೆಲಸ ಅಂತ ನೀನೂ ಓಡಿ ಬಂದೆ. ಎರಡನೇ ದಿನವೇ ತೂಕಡಿಸಿ, ಎರಡು ಬಿದಿರಿನ ಮಧ್ಯೆ ಕುಣೀತಿದ್ದ ಪೆರ್ಪೆತುವಾ ಕಾಲು ಸಿಕ್ಕಿಸಿದೆ. ಅವಳಿನ್ನೂ ಕುಂಟ್ತಿದ್ದಾಳೆ.

ಮತ್ತೆ ಹಾರ್ನ್. ಲುದಿವಿನಾ ಪೆಟ್ಟಿಗೆಯನ್ನು ಒಳಗೆಳೆದಳು. ಕುರ್ಚಿ ಸರಿಸಿ ಗಂಡನೆದುರು ಕೂತಳು.

ಲುದಿವಿನಾ: ಸರಿ, ಹೋಗಲ್ಲ. ತಟ್ಟೆ ತಿರುಗದೆ ಹೊಸ್ತಿಲು ದಾಟೋ ಧೈರ್ಯ ನಂಗಿಲ್ಲ. ಬಡಿಸು.

ಕ್ರಿಸಾಂತೊ: ಏನು?

ಲುದಿವಿನಾ: ತಿಂಡಿ. ಹದಿನೇಳು ದಿನ ನಂಗೆ ರಜ. ಪೋಲೆಂಡಲ್ಲಿ ಕಳೆಯೋದನ್ನ ಇಲ್ಲೇ ಕೂತು ಕಳೀತೀನಿ. ಎರಡು ಮೊಟ್ಟೆ, ಒಣಮೀನು. ಮೀನು ಗರಿಗರಿಯಾಗಿರ್ಲಿ.

ಕ್ರಿಸಾಂತೊ ನಕ್ಕ. ಅವಳು ನಗಲಿಲ್ಲ. ಅವನು ಎದ್ದು ಒಲೆಯ ಸುತ್ತ ಒಂದು ಸಲ ಸುತ್ತಿದ, ಮೂರು ಕಪಾಟು ತೆರೆದು ಮುಚ್ಚಿದ.

ಕ್ರಿಸಾಂತೊ: ಬಾಣಲೆ ಎಲ್ಲಿದೆ?

ಲುದಿವಿನಾ: ಮೂವತ್ತು ವರ್ಷದಿಂದ ಇದ್ದಲ್ಲೇ. ಹಾಂ, ಮಧ್ಯಾಹ್ನಕ್ಕೆ ಕೋಳಿ.

ಕ್ರಿಸಾಂತೊ ಓಡಿಬಂದು ತಟ್ಟೆಯನ್ನು ಗರಗರ ತಿರುಗಿಸಿದ. ಅಗುಳುಗಳು ಮೇಜಿನ ತುಂಬ ಹಾರಿದವು.

ಕ್ರಿಸಾಂತೊ: ಹೊರಡು, ಹೊರಡು! ಎರಡು ಸುತ್ತು ತಿರುಗ್ಸಿದೀನಿ. ಒಂದು ಹೋಗೋಕೆ, ಇನ್ನೊಂದು ಬೇಗ ಬರೋಕೆ.

ಲುದಿವಿನಾ (ಪೆಟ್ಟಿಗೆ ಎತ್ತಿಕೊಳ್ಳುತ್ತ): ಮೂರನೇ ಸುತ್ತು ನಲ್ಲಿ ಕೆಳಗೆ ತಿರುಗ್ಸು. ತಟ್ಟೆ ತೊಳೆಯೋದು ಹಾಗೇನೇ.