ಹನ್ನೆರಡು ಮನೆಗಳ ಚಾವಿ

ಪ್ರಶ್ನೆಗಳನ್ನು ಪದ್ಮಶ್ರೀ ಬರೆದಿರಲಿಲ್ಲ. ಎಲ್ಲೋ ದೂರದ ಊರಿನಲ್ಲಿ ಫ್ಯಾನಿನ ಕೆಳಗೆ ಕುಳಿತವರು ಬರೆದಿದ್ದರು. ಸೇಡಂನ ಕಾಗಿಣಾ ಕಾಲೋನಿಯ ಹನ್ನೆರಡು ಮನೆಗಳ ಬಾಗಿಲಲ್ಲಿ ನಿಂತು ಅವನ್ನು ಕೇಳುವುದಷ್ಟೇ ಅವಳ ಕೆಲಸ. ಅದಕ್ಕೆ 'ಬಡಾವಣೆ ಸುರಕ್ಷತಾ ಸಮೀಕ್ಷೆ' ಎಂದು ಹೆಸರು. ಸಂಜೆ ಐದಕ್ಕೆ ಹನ್ನೆರಡು ಫಾರ್ಮು, ಹನ್ನೆರಡು ಸಹಿ ಮುಟ್ಟಿಸಿದರೆ ನೌಕರಿ ಖಾಯಂ. ಒಂದು ಸಹಿ ಕಡಿಮೆಯಾದರೂ ನಾಳೆಯಿಂದ ಮತ್ತೆ ಮನೆ, ಮತ್ತೆ ಅತ್ತಿಗೆಯ "ಡಿಗ್ರಿ ಮಾಡಿ ಏನ್ ಮಾಡ್ಲಿಕತ್ತೀಯವ್ವ?"

ಅವಳು ಬಾಗಿಲು ತಟ್ಟಿದರೆ ಬೆಕ್ಕು ಮೈ ತಿಕ್ಕಿದಷ್ಟೇ ಸದ್ದು. ಮೊದಲ ಮನೆಯ ಲೀಲಾಬಾಯಿ ಬಾಗಿಲು ತೆಗೆದದ್ದೂ ಹಾಲು ಕುಡಿಯಲು ಬಂದ ಬೆಕ್ಕನ್ನು ಓಡಿಸಲಿಕ್ಕೆಂದೇ.

"ಒಂದು ವರ್ಷದಾಗ ನಿಮ್ಮ ಮನ್ಯಾಗ ಕಳವು ಆಗ್ಯದೇನ್ರೀ?"

"ಒಂದು ಹಿತ್ತಾಳಿ ತಂಬಗಿ ಹೋಗ್ಯದ ನೋಡವ್ವ. ಹೋಗ್ಯದ ಅಂತಂದ್ರ, ಬಾಜೂ ಮನಿ ಭಾಗಮ್ಮನ ಅಡಿಗಿಮನ್ಯಾಗ ಕಾಣ್ತದ. ಕಳವು ಅಂತ ಬರೀಬ್ಯಾಡ ಮತ್ತ, ಆಕಿ ಛಲೋ ಹೆಣ್ಮಗಳು."

"ಮಧ್ಯಾಹ್ನ ಮನ್ಯಾಗ ಯಾರಿರ್ತಾರ್ರೀ? ಬಾಗಿಲಿಗೆ ಎಷ್ಟು ಚಿಲಕ ಅವ? ಹೊರಗ ಹೋಗುವಾಗ ಚಾವಿ ಎಲ್ಲಿ ಇಡ್ತೀರಿ?"

"ತುಳಸಿಕಟ್ಟಿ ಹಿಂದ, ಸಡಲಾದ ಫರಸಿಕಲ್ಲಿನ ಕೆಳಗ. ಒಬ್ರಿಗೂ ಗೊತ್ತಿಲ್ಲ. ನೀನೂ ಯಾರಿಗೂ ಹೇಳಬ್ಯಾಡ."

ಫಾರ್ಮಿನಲ್ಲಿ ಇಷ್ಟಕ್ಕೆಲ್ಲ ಜಾಗವಿರಲಿಲ್ಲ. ಆದರೆ ಪದ್ಮಶ್ರೀಗೆ ಎಂಟನೇ ಇಯತ್ತೆಯಿಂದ ದಿನಚರಿ ಬರೆಯುವ ಚಟ. ಒಂದು ಮಾತನ್ನೂ ಬಿಡದೆ ತನ್ನ ನೋಟುಬುಕ್ಕಿನಲ್ಲಿ ಮುತ್ತಿನಂಥ ಅಕ್ಷರಗಳಲ್ಲಿ ಬರೆದುಕೊಂಡಳು. ಭಾಗಮ್ಮನ ಚಾವಿ ಕಿಟಕಿಯ ಕಡಲೆಬೇಳೆ ಡಬ್ಬಿಯಲ್ಲಿ. ಪೊಲೀಸ್ ಮುನಾಫನದು ಕರೆಂಟ್ ಮೀಟರಿನ ಡಬ್ಬಿಯಲ್ಲಿ. ಜನರ ಮನೆ ಹೀಗೆ ಒಳಗಿನಿಂದ ಕಾಣುವುದು ಅವಳಿಗೆ ಎಷ್ಟು ಕುತೂಹಲವಾಯಿತೆಂದರೆ ನಾಚಿಕೆಯೂ ಅರ್ಧ ಮರೆತುಹೋಯಿತು.

ಹನ್ನೆರಡು ಮನೆ ಮುಗಿದವು, ಸಹಿ ಮಾತ್ರ ಒಂದೂ ಇಲ್ಲ.

"ಕೇಳಿದ್ದೆಲ್ಲಾ ಹೇಳ್ತೀವಿ ತಂಗಿ, ಸಹಿ ಬ್ಯಾಡ," ಎಂದಳು ಭಾಗಮ್ಮ. "ಅಪರಿಚಿತರಿಗೆ ಸಹಿ ಕೊಟ್ರ ಬ್ಯಾಂಕ್ ಖಾಲಿ ಆಗ್ತದಂತ ಮೊಬೈಲ್‌ದಾಗ ಬಂದದ."

ಕಾಲೋನಿ ಸಂಘದ ಅಧ್ಯಕ್ಷ, ನಿವೃತ್ತ ಹೆಡ್‌ಮಾಸ್ಟರ್ ಗುರುಲಿಂಗಪ್ಪನವರಿಗೆ ಊಟದ ಹೊತ್ತಿಗೆ ತಲೆಯಲ್ಲಿ ಬೆಳಕು ಹರಿಯಿತು. ಮುಂಜಾನೆ ಅವರೂ ಎಲ್ಲ ಹೇಳಿದ್ದರು. ಈಗ ಕೈ ತೊಳೆಯದೆ ಎದ್ದು ಬಂದು ಬೇವಿನ ಕಟ್ಟೆಯ ಹತ್ತಿರ ಅವಳನ್ನು ತಡೆದರು.

"ಮಧ್ಯಾಹ್ನ ಯಾರಿರ್ತಾರ, ಚಿಲಕ ಎಷ್ಟು, ಚಾವಿ ಎಲ್ಲಿ! ಇವು ಕಳ್ಳರ ಪ್ರಶ್ನೆ ಅಲ್ಲೇನು? ಯಾರು ನೀನು?"

ಪದ್ಮಶ್ರೀ ನೆಲ ನೋಡಿದಳು, ಬೆವರಿದಳು, ತನ್ನ ಹೆಸರು ಹೇಳಲು ಮೂರು ಸಲ ಪ್ರಯತ್ನಿಸಿದಳು.

"ನೋಡ್ರಿ, ಹೆಸರ ಸುದ್ದಾ ಬರವಲ್ದು!" ಗುರುಲಿಂಗಪ್ಪ ಕೂಗಿದ ಕೂಗಿಗೆ ಕಾಲೋನಿಯೇ ಕಟ್ಟೆ ಸುತ್ತ ನೆರೆಯಿತು. ಅವರು ನೋಟುಬುಕ್ಕು ಕಿತ್ತುಕೊಂಡು ಪ್ರಾರ್ಥನೆಯ ಹೊತ್ತಿನ ದನಿಯಲ್ಲಿ ಓದತೊಡಗಿದರು.

"ಮನೆ ಒಂದು. ಲೀಲಾಬಾಯಿ. ಚಾವಿ ತುಳಸಿಕಟ್ಟೆ ಹಿಂದಿನ ಫರಸಿಯ ಕೆಳಗೆ. ತಂಬಿಗೆ ಭಾಗಮ್ಮನವರ ಅಡಿಗೆಮನೆಯಲ್ಲಿ."

"ಏನಕ್ಕಾ!" ಭಾಗಮ್ಮ ಸೆರಗು ಸೊಂಟಕ್ಕೆ ಸಿಗಿಸಿದಳು. "ಅದು ನಮ್ಮವ್ವ ಕೊಟ್ಟ ತಂಬಗಿ!"

"ನಾ ಕಳವು ಅಂತ ಎಲ್ಲಿ ಅಂದೀನಿ? ಬರೀಬ್ಯಾಡ ಅಂತಾನೇ ಹೇಳೀನಿ!"

"ಶಾಂತಿ!" ಎಂದು ಗುರುಲಿಂಗಪ್ಪ ಮುಂದುವರಿಸಿದರು. ಎರಡನೇ ಮನೆ, ಮೂರನೇ ಮನೆ. ಒಂದೊಂದು ಚಾವಿಯೂ ಬಯಲಿಗೆ ಬಂತು. "ಮನೆ ಏಳು. ಗುರುಲಿಂಗಪ್ಪ. ಚಾವಿ ಬಾಗಿಲ ಹೊರಗಿನ ಹಳೇ ಬೂಟಿನ..." ದನಿ ಪಂಚರ್ ಆದ ಟ್ಯೂಬಿನಂತೆ ಇಳಿಯಿತು. ಆದರೆ ಓದುವುದನ್ನು ಅರ್ಧಕ್ಕೆ ಬಿಟ್ಟ ಮಾಸ್ತರರಲ್ಲ ಅವರು. ಹನ್ನೆರಡೂ ಮುಗಿಸಿದರು. ಈಗ ಎಲ್ಲರ ಗುಟ್ಟೂ ಎಲ್ಲರ ಕಿವಿಯಲ್ಲಿತ್ತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಅಷ್ಟರಲ್ಲಿ ಮುನಾಫ ಬಂದ. ಅವಳ ಗುರುತಿನ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಸಮೀಕ್ಷೆಯ ಸೂಪರ್‌ವೈಸರ್ ಸಂಗಮೇಶ್ವರನಿಗೆ ಫೋನ್ ಮಾಡಿ ವಿಚಾರಿಸಿದ.

"ಪಕ್ಕಾ ಅದಾಳ್ರೀ. ಫೋಟೋ, ಅಡ್ರೆಸ್, ಆಧಾರ್ ಎಲ್ಲಾ ಸ್ಟೇಷನ್‌ದಾಗ ಕೊಟ್ಟಾರ. ಖರೇ ಹೇಳ್ಬೇಕಂದ್ರ ಈ ಕಾಲೋನ್ಯಾಗ ಪೊಲೀಸರ ಹತ್ರ ಪೂರಾ ಪತ್ತಾ ಇರೋದು ಈಕಿ ಒಬ್ಬಾಕಿದೇ."

ಬೀದಿಯ ತುದಿಯಲ್ಲಿ ಟೆಂಪೊ ಹಾರ್ನ್ ಹೊಡೆಯಿತು. ಗುರುಲಿಂಗಪ್ಪನವರ ಬಸುರಿ ಮೊಮ್ಮಗಳ ಕುಬಸ, ಮೂರಕ್ಕೆ ಮಳಖೇಡದಲ್ಲಿ. ಇಡೀ ಕಾಲೋನಿಗೆ ಕರೆಯಿತ್ತು. ಹಿಂದು ಮುಂದಾಗಿ ಬರುವ ಮನೆಯವರಿಗಾಗಿ ಚಾವಿ ಇಟ್ಟು ಹೋಗಲೇಬೇಕು. ಆದರೆ ಎಲ್ಲಿ?

ಲೀಲಾಬಾಯಿ ಭಾಗಮ್ಮನನ್ನು ನೋಡಿದರು. ಭಾಗಮ್ಮ ಲೀಲಾಬಾಯಿಯನ್ನು ನೋಡಿದಳು. ಆಮೇಲೆ ಇಬ್ಬರೂ ಪದ್ಮಶ್ರೀಯನ್ನು ನೋಡಿದರು.

"ತಂಗಿ, ಇದನ್ನ ಹಿಡಿ," ಎಂದು ಲೀಲಾಬಾಯಿ ತಮ್ಮ ಚಾವಿ ಚಾಚಿದರು.

ಹತ್ತು ನಿಮಿಷದಲ್ಲಿ ಅವಳ ಮಡಿಲಲ್ಲಿ ಹನ್ನೊಂದು ಚಾವಿ ಬಿದ್ದವು. ಹನ್ನೆರಡನೆಯದು ಮುನಾಫನದು. "ನಂಗ ಚಿತ್ತಾಪುರದಾಗ ಬಂದೋಬಸ್ತ್ ಅದ," ಎಂದ.

"ಸಹಿರೀ..." ಎಂದಳು ಪದ್ಮಶ್ರೀ.

"ಆರಕ್ಕ ಬಂದು ಮಾಡ್ತೀವಿ!" ಟೆಂಪೊದಿಂದ ಗುರುಲಿಂಗಪ್ಪ ಕೂಗಿದರು. "ಎದ್ದು ಹೋಗಬ್ಯಾಡ ಮತ್ತ! ನಿನ್ನ ನಂಬೀವಿ!"

ಅವಳು ಎದ್ದು ಹೋಗಲಿಲ್ಲ. ಚಾವಿಗಳಿಗೆ ಚೀಟಿ ಕಟ್ಟಿ, ಬೇವಿನ ನೆರಳು ಸರಿದಂತೆ ತಾನೂ ಸರಿಯುತ್ತ ಕೂತಳು.

ಸರಿಯಾಗಿ ಐದಕ್ಕೆ ಸಂಗಮೇಶ್ವರ ಫಾರ್ಮು ಒಯ್ಯಲು ಬೈಕಿನಲ್ಲಿ ಬಂದ. ಅವಳನ್ನು ಫೋನಿನಲ್ಲಿ ಬಲ್ಲನೇ ಹೊರತು ಮುಖ ನೋಡಿರಲಿಲ್ಲ. ಕಂಡದ್ದು ಇಷ್ಟು: ಕಾಲೋನಿಯಲ್ಲಿ ನರಪಿಳ್ಳೆಯಿಲ್ಲ, ಹನ್ನೆರಡು ಬಾಗಿಲಿಗೂ ಬೀಗ, ಕಟ್ಟೆಯ ಮೇಲೆ ಮಡಿಲ ತುಂಬ ಚಾವಿ ಇಟ್ಟುಕೊಂಡ ಒಬ್ಬ ಹುಡುಗಿ. ಯಾರೆಂದು ಕೇಳಿದರೆ ಬೆವರುತ್ತಾಳೆ, ನೆಲ ನೋಡುತ್ತಾಳೆ. ಅವನು ನಾಲ್ಕು ಹೆಜ್ಜೆ ಹಿಂದೆ ಸರಿದು ಮಧ್ಯಾಹ್ನ ತನಗೆ ಕರೆ ಬಂದಿದ್ದ ಪೊಲೀಸ್ ನಂಬರಿಗೆ ಫೋನ್ ಹಚ್ಚಿದ.

"ಆಕಿನ್ನ ಬಿಡಬ್ಯಾಡ್ರಿ ಸರ್!" ಮುನಾಫನ ದನಿ ಕಟ್ಟೆಯವರೆಗೂ ಕೇಳಿಸಿತು. "ನಾ ಬರೋತನಕ ಅಲ್ಲೇ ಕುಂದರಸ್ರಿ! ನನ್ನ ಮನಿ ಚಾವಿನೂ ಆಕಿ ಹಂತೇಕ ಅದ. ನಿಮ್ಮ ಹುಡುಗೀನೇ ಅಲ್ರೀ ಆಕಿ?"

ಸಂಗಮೇಶ್ವರ ಉಸಿರು ಬಿಟ್ಟು ಹತ್ತಿರ ಬಂದ. ಫಾರ್ಮು ತಿರುವಿದ. ಉತ್ತರಗಳು ಚಂದ, ಅಕ್ಷರ ಇನ್ನೂ ಚಂದ.

"ಸಹಿ?"

"ಆರಕ್ಕ ಬಂದು ಮಾಡ್ತಾರಂತ್ರೀ."

"ಐದು ಅಂದ್ರ ಐದು, ತಂಗಿ. ನಾ ಏನೂ ಮಾಡಂಗಿಲ್ಲ. ನಾಳಿಂದ ಬರಬ್ಯಾಡ್ರಿ." ಫಾರ್ಮುಗಳನ್ನು ಅವಳ ಪಕ್ಕದಲ್ಲಿಟ್ಟು ಬೈಕಿನ ಕಡೆ ನಡೆದ. ಹತ್ತಿದ. ಇಳಿದ. ವಾಪಸ್ ಬಂದು ಕೈ ಚಾಚಿದ. ಕೈಯಲ್ಲಿ ಬೈಕಿನ ಚಾವಿ ಇತ್ತು.

"ನಾ ರೈಲಿನಾಗ ವಾಡಿ ಊರಿಗೆ ಹೋಗಬೇಕು. ರೇಲ್ವೆ ಸ್ಟೇಷನ್ ಮುಂದ ಬೈಕ್ ಕಳವು ಭಾಳ ಅಂತಾರ. ಇಲ್ಲೇ ನಿಲ್ಲಸ್ತೀನಿ, ನಾಳೆ ಮುಂಜಾನಿ ತಗೋತೀನಿ. ನೀವು ಇರ್ತೀರಲ್ಲ?"

ಪದ್ಮಶ್ರೀ ಒಂದು ಚೀಟಿ ಹರಿದು 'ಹದಿಮೂರು' ಎಂದು ಬರೆದಳು.